ಪಿಂಗಾಣಿಯ ಸಿಸ್ಟರಕ್ಕ

ಸನ್ಮಾನ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದರಾಚೆ ಯೋಚಿಸುವ ಸಮಿತಿಗಳು ನಮ್ಮ ಕಡೆ ಕಡಿಮೆ. ಹಾಗಾಗಿ ಅಳದಂಗಡಿಯ ಸಮಿತಿಯೊಂದರ ಅಧ್ಯಕ್ಷರು ನಮ್ಮ ಮನೆಯ ಜಗಲಿಯಲ್ಲಿ ಕೂತು, "ಶಾಲು ಗೀಲು ಬೇಡ ಮೇಡಂ, ಅವರದ್ದೇ ಒಂದು ಮೂರ್ತಿ ಮಾಡಿ ಕೊಡಿ, ನಿಮ್ಮ ಆ ಪಿಂಗಾಣಿಯಲ್ಲಿ" ಎಂದಾಗ ನನಗೆ ಖುಷಿಯೇ ಆಯಿತು. ಆ ಖುಷಿ ಎರಡು ವಾರ ಬಾಳಿತು. ಆಮೇಲಿನ ನಾಲ್ಕು ತಿಂಗಳು ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ ಎಂದು ಮನೆಯವರು ಈಗಲೂ ಹೇಳುತ್ತಾರೆ.

ಮೂರ್ತಿಯಾಗಬೇಕಾಗಿದ್ದವರು ಒಬ್ಬ ನಿವೃತ್ತ ನರ್ಸು. ವಯಸ್ಸು ಎಪ್ಪತ್ತು ದಾಟಿದೆ. ರಸ್ತೆ ಇಲ್ಲದ, ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಅಳದಂಗಡಿಯ ಸುತ್ತಲಿನ ಮನೆಗಳಿಗೆ ನಡೆದೇ ಹೋಗಿ ಹೆರಿಗೆ ಮಾಡಿಸಿದವರು. ಅಲ್ಲಿಯ ಜನ ಅವರನ್ನು ಕರೆಯುವುದು ಸಿಸ್ಟರಕ್ಕ ಎಂದು. ಇಂಗ್ಲಿಷಿನ ಅಕ್ಕನ ಹೆಗಲ ಮೇಲೆ ಕನ್ನಡದ ಅಕ್ಕನನ್ನೂ ಕೂರಿಸಿದ ಹೆಸರು. ಅಧ್ಯಕ್ಷರನ್ನು ಈ ಭೂಮಿಗೆ ಎಳೆದು ತಂದವರೂ ಅವರೇ ಅಂತೆ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ದಪ್ಪ ಮನುಷ್ಯ ಈ ಅಧ್ಯಕ್ಷರು. ತನ್ನ ಹುಟ್ಟಿನ ಕಥೆ ಹೇಳುವಾಗ ಅವರ ಕಣ್ಣು ತುಂಬಿ ಬಂದಿತ್ತು. ಆ ಕಣ್ಣೀರು ನೋಡಿ ನಾನು ಒಪ್ಪಿಕೊಂಡೆ. ಕಣ್ಣೀರು ನೋಡಿ ಕೆಲಸ ಒಪ್ಪಿಕೊಳ್ಳಬಾರದು ಎಂದು ಈಗ ಗೊತ್ತಾಗಿದೆ.

ನಾನು ಬಂಟ್ವಾಳದ ಒಂದು ಶಾಲೆಯಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿದವಳು. ಕೆಲಸ ಬಿಟ್ಟ ಮೇಲೆ ಪುಂಜಾಲಕಟ್ಟೆಯ ನಮ್ಮ ಮನೆಯ ಕಾರು ಶೆಡ್ಡಿನಲ್ಲಿ ವಿದ್ಯುತ್ ಕುಲುಮೆಯೊಂದನ್ನು ಇಟ್ಟುಕೊಂಡು ಪಿಂಗಾಣಿಯ ಮನುಷ್ಯರನ್ನು ಮಾಡುತ್ತೇನೆ. ಬೀಡಿ ಕಟ್ಟುವ ಹೆಂಗಸು, ಬಸ್ಸಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್, ಮೀನಿನ ಬುಟ್ಟಿ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುವವಳು. ಒಂದಡಿ ಎತ್ತರ, ಬಿಳಿ ಮೈ, ಮೇಲೆ ತೆಳು ಬಣ್ಣ. ಪಿಂಗಾಣಿ ಎಂದ ಕೂಡಲೇ ನಮ್ಮೂರಿನವರ ತಲೆಗೆ ಬರುವುದು ಚಾದ ಕಪ್ಪು-ಬಸಿ. "ಇದಕ್ಕೆ ಚಾ ಹಾಕ್ಲಿಕ್ಕೆ ಆಗ್ತದಾ?" ಎಂದು ಕಂಡಕ್ಟರನ ಟೊಪ್ಪಿಯನ್ನು ಬೆರಳಲ್ಲಿ ಕುಟ್ಟಿ ನೋಡಿದವರೂ ಇದ್ದಾರೆ.

ಈ ಕೆಲಸದಲ್ಲಿ ನನಗೊಬ್ಬರು ಪಾಲುದಾರರಿದ್ದಾರೆ. ಮೂಡುಬಿದಿರೆಯಲ್ಲಿ ಹಲ್ಲಿನ ಲ್ಯಾಬು ಇಟ್ಟುಕೊಂಡ ಬ್ಯಾರಿ ಮುಸ್ಲಿಮರು. ದಂತವೈದ್ಯರು ಕಳಿಸುವ ಅಳತೆಗೆ ಪಿಂಗಾಣಿಯ ಹಲ್ಲು ಮಾಡಿಕೊಡುವುದು ಅವರ ಕಸುಬು. ಗಲ್ಫಿನ ಲ್ಯಾಬೊಂದರಲ್ಲಿ ಹದಿನೆಂಟು ವರ್ಷ ದುಡಿದು, ಕಂಪ್ಯೂಟರಿನಲ್ಲಿ ಹಲ್ಲು ಕೆತ್ತುವುದನ್ನು ಕಲಿತು ಬಂದವರು. ನನಗಿಂತ ನಾಲ್ಕೇ ವರ್ಷ ದೊಡ್ಡವರಾದರೂ ಊರಿಗೆಲ್ಲ ಕಾಕ, ನನಗೂ ಕಾಕ. ಹಿಂದೊಮ್ಮೆ ನನ್ನ ದವಡೆಯ ಹಲ್ಲಿಗೆ ಕ್ಯಾಪ್ ಹಾಕಿಸಿದಾಗ ಅದರ ಬಣ್ಣ ಪಕ್ಕದ ಹಲ್ಲಿಗೆ ಎಷ್ಟು ಕೂಡಿಬಂದಿತ್ತೆಂದರೆ, ಇದನ್ನು ಮಾಡಿದ ಕೈ ಯಾವುದು ಎಂದು ಹುಡುಕಿಕೊಂಡು ಹೋಗಿದ್ದೆ. ಹಾಗೆ ಆದ ಪರಿಚಯ. ಫೋನಿನಲ್ಲಿ ಮನುಷ್ಯರನ್ನು ಸುತ್ತಲಿಂದ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ತಿದ್ದಿ, ರಾಳದಲ್ಲಿ ತ್ರೀಡಿ ಪ್ರಿಂಟ್ ತೆಗೆಯುವವರೆಗೆ ಅವರ ಕೆಲಸ. ಆ ರಾಳದ ಗೊಂಬೆಯಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿಗೆ ಹಾಲಿನಂಥ ಮಣ್ಣು ಹೊಯ್ದು, ಜೋಡಿಸಿ, ಸುಟ್ಟು, ಬಣ್ಣ ಬರೆಯುವುದು ನನ್ನ ಪಾಲಿಗೆ. ಕಾಕನಿಗೆ ಮಣ್ಣು ಮುಟ್ಟಿದರೆ ಕೈ ತುರಿಸುತ್ತದೆ. ನನಗೆ ಮೌಸು ಹಿಡಿದರೆ ತಲೆ ತಿರುಗುತ್ತದೆ. ಆದ್ದರಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೇವೆ.

ಸ್ಕ್ಯಾನ್ ಮಾಡಲು ಇಬ್ಬರೂ ಅಳದಂಗಡಿಗೆ ಹೋದೆವು. ಸ್ಕ್ಯಾನ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಮನುಷ್ಯ ಮೂರು ನಿಮಿಷ ಅಲುಗಾಡದೆ ನಿಂತರೆ ಸಾಕು, ಕಾಕ ಫೋನು ಹಿಡಿದು ಸುತ್ತು ಬರುತ್ತಾರೆ. ಆದರೆ ಸಿಸ್ಟರಕ್ಕ ಮೂರು ನಿಮಿಷ ಅಲುಗಾಡದೆ ನಿಲ್ಲುವ ಜಾತಿಯವರಲ್ಲ.

ಮೊದಲ ಸುತ್ತಿನಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಓಡಿದರು. ಎರಡನೆಯ ಸುತ್ತಿನಲ್ಲಿ ಕಾಕ ಅವರ ಹಿಂದಕ್ಕೆ ಹೋದಾಗ ತಲೆ ತಿರುಗಿಸಿ, "ಹಿಂದೆ ಎಂತ ಮಾಡ್ತೀರಿ ನೀವು?" ಎಂದರು.

"ಬೆನ್ನು ಬೇಕಲ್ಲ ಸಿಸ್ಟರಕ್ಕ" ಎಂದರು ಕಾಕ.

"ನನ್ನ ಬೆನ್ನು ಯಾರಿಗೆ ಬೇಕು ಮಾರಾಯ್ರೆ? ಅದಿರ್ಲಿ, ನಿಮಗೆ ಏದುಸಿರು ಬರ್ತಾ ಉಂಟು. ಬಿ.ಪಿ. ಯಾವಾಗ ನೋಡಿಸಿದ್ದು?"

ನೋಡಿಸಿಯೇ ಇಲ್ಲ ಎಂದು ಕಾಕ ಒಪ್ಪಿಕೊಳ್ಳಬಾರದಿತ್ತು. ಸ್ಕ್ಯಾನು ಅಲ್ಲಿಗೆ ನಿಂತಿತು. ಕಪಾಟಿನಿಂದ ಬಿ.ಪಿ. ಯಂತ್ರ ಬಂತು, ಕಾಕನ ತೋಳಿಗೆ ಪಟ್ಟಿ ಬಿತ್ತು, ಉಪ್ಪಿನಕಾಯಿ ಮತ್ತು ಒಣಮೀನಿನ ವಿಚಾರದಲ್ಲಿ ಅರ್ಧ ಗಂಟೆಯ ವಿಚಾರಣೆ ನಡೆಯಿತು. ಅದು ಮುಗಿದ ಮೇಲೆ ಬಟ್ಟೆಯ ರಗಳೆ. ಅಧ್ಯಕ್ಷರು ಫೋನು ಮಾಡಿ, ಸಿಸ್ಟರಕ್ಕ ರೇಷ್ಮೆ ಸೀರೆಯಲ್ಲೇ ಇರಬೇಕು, ಬಿಳಿ ಸೀರೆ ಮಂಗಳ ಕಾರ್ಯಕ್ಕೆ ಚಂದ ಕಾಣುವುದಿಲ್ಲ ಎಂದು ನನಗೆ ತಾಕೀತು ಮಾಡಿದ್ದರು. ಅದನ್ನು ಹೇಳಿದೆ.

"ರೇಷ್ಮೆ ಸೀರೆ ಉಟ್ಟು ಹೆರಿಗೆ ಮಾಡಿಸ್ಲಿಕ್ಕೆ ಆಗ್ತದಾ? ಅವನ ತಲೆ!" ಎಂದು ಸಿಸ್ಟರಕ್ಕ ಹಳೆಯ ಬಿಳಿ ಸೀರೆಯನ್ನೇ ಉಟ್ಟು, ಕೈಯಲ್ಲಿ ಕಪ್ಪು ಚರ್ಮದ ಚೀಲ ಹಿಡಿದು ಅಂಗಳಕ್ಕೆ ಬಂದರು. ಆ ಮಾತಿಗೆ ನಾನು ಒಳಗೊಳಗೇ ಕೈಮುಗಿದೆ. ಪಿಂಗಾಣಿಯಲ್ಲಿ ಬಿಳಿ ಸೀರೆಯಷ್ಟು ಚಂದ ಬೇರೊಂದು ಇಲ್ಲ.

ಮೂರನೆಯ ಸುತ್ತಿನಲ್ಲಿ ಹೇಗೋ ನಿಂತರು. ನಿಂತಲ್ಲಿಂದಲೇ ಗೇಟಿನ ಹೊರಗೆ ಹೋಗುವವರನ್ನು ಮಾತಾಡಿಸುತ್ತಲೇ ಇದ್ದರು. ಮಾತಾಡುವಾಗ ಅವರ ಬಾಯಿಯ ಬಲ ತುದಿ ಸ್ವಲ್ಪ ಕೆಳಗೆ ಎಳೆಯುತ್ತದೆ ಎನ್ನುವುದನ್ನು ನಾನು ಅವತ್ತೇ ಗಮನಿಸಿದ್ದೆ. ಸುಮ್ಮನಿದ್ದಾಗಲೂ ತುಸು ಓರೆ. ಯಾವುದೋ ಕಾಲದಲ್ಲಿ ಗಾಳಿ ಬಡಿದು ಮುಖದ ಒಂದು ಬದಿ ಸೋತದ್ದು, ಆಮೇಲೆ ಹೆಚ್ಚುಕಡಿಮೆ ಸರಿಯಾದದ್ದು ಎಂದು ಅಧ್ಯಕ್ಷರು ಹೇಳಿದ್ದು ನೆನಪಿತ್ತು. ಆ ಓರೆಯಿಂದ ಅವರ ಮುಖಕ್ಕೆ, ಎಲ್ಲವನ್ನೂ ನೋಡಿ ಮುಗಿಸಿದವರ ಒಂದು ಗತ್ತು ಬಂದಿತ್ತು. ಇದು ಸಿಕ್ಕಿದರೆ ಮೂರ್ತಿ ಗೆದ್ದ ಹಾಗೆ ಎಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಕಾಕನಿಗೆ ಹೇಳಲಿಲ್ಲ. ಅಷ್ಟು ದೊಡ್ಡದಾಗಿ ಕಾಣುವುದನ್ನು ಬಾಯಿಬಿಟ್ಟು ಹೇಳಬೇಕೇ ಎಂದುಕೊಂಡದ್ದು ನನ್ನ ತಪ್ಪು.

ಸ್ಕ್ಯಾನಿನಲ್ಲಿ ಸಿಸ್ಟರಕ್ಕನಿಗೆ ಎರಡು ಗದ್ದ, ಮೂರು ಕೈ ಬಂದಿದ್ದವು. ಅಲುಗಾಡಿದ್ದರ ಫಲ. ಕಾಕ ಅದನ್ನು ಎರಡು ವಾರ ಪರದೆಯ ಮೇಲೆ ತಿದ್ದಿದರು. ದಿನಕ್ಕೊಂದು ಚಿತ್ರ ನನಗೂ ಅಧ್ಯಕ್ಷರಿಗೂ ವಾಟ್ಸ್ಆ್ಯಪಿನಲ್ಲಿ ಬರುತ್ತಿತ್ತು. ಅಧ್ಯಕ್ಷರಿಗೆ ಚಿತ್ರ ಕಳಿಸಿದ್ದೇ ಎರಡನೆಯ ತಪ್ಪು. ಅವರು ಬರೆಯುವವರಲ್ಲ, ಮಾತು ಕಳಿಸುವವರು. "ಮೇಡಂ, ಸ್ವಲ್ಪ ಪ್ರಾಯ ಕಡಿಮೆ ಮಾಡಿ." "ಮೇಡಂ, ಚೀಲ ಬೇಡ, ಕೈಗೆ ಮಗುವನ್ನು ಕೊಡುವ." "ಮೇಡಂ, ಮಗು ಬೇಡ, ನನ್ನ ಹೆಂಡತಿ ಹೇಳ್ತಾಳೆ ಅದು ಯಾರ ಮಗು ಅಂತ ಜನ ಕೇಳ್ತಾರೆ." "ಕಂಪ್ಯೂಟರಲ್ಲಿ ಒಂದು ಒತ್ತಿದರೆ ಆಯಿತಲ್ಲ ಮೇಡಂ?" ಕೊನೆಯದನ್ನು ಕೇಳಿ ನಾನು ಫೋನನ್ನು ಅಕ್ಕಿಯ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದೆ.

ಅಂತೂ ಪ್ರಿಂಟ್ ಬಂತು. ತಲೆ ಬೇರೆ, ಮೈ ಬೇರೆ, ಚೀಲ ಹಿಡಿದ ಕೈ ಬೇರೆ. ಪಿಂಗಾಣಿ ಸುಟ್ಟಾಗ ಕುಗ್ಗುತ್ತದೆ. ಆದ್ದರಿಂದ ಎಲ್ಲವನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಮಾಡಬೇಕು. ತಲೆ ಒಂದು ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿತ್ತು. ಫೋನಿನ ಸಣ್ಣ ಚಿತ್ರದಲ್ಲಾಗಲಿ ರಾಳದ ಬೂದು ಬಣ್ಣದಲ್ಲಾಗಲಿ ಮುಖದ ಸೂಕ್ಷ್ಮ ಒಂದೂ ಕಾಣುವುದಿಲ್ಲ. ಚೆನ್ನಾಗಿಯೇ ಕಂಡಿತು. ಅಚ್ಚು ತೆಗೆದೆ, ಮಣ್ಣು ಹೊಯ್ದೆ, ಅಚ್ಚಿನ ಗೋಡೆಗೆ ಬೇಕಾದಷ್ಟು ದಪ್ಪ ಹಿಡಿದ ಮೇಲೆ ಉಳಿದ ಮಣ್ಣನ್ನು ಬಗ್ಗಿಸಿ ಹೊರಗೆ ಚೆಲ್ಲಿದೆ. ಮರುದಿನ ಅಚ್ಚು ಬಿಚ್ಚಿ, ಹಸಿ ಮಣ್ಣನ್ನೇ ಅಂಟಾಗಿ ಬಳಸಿ ತಲೆ, ಮೈ, ಕೈ ಜೋಡಿಸಿದೆ. ಒಣಗಲು ಹತ್ತು ದಿನ. ಮೊದಲ ಸುಡುವಿಕೆ ಸುಸೂತ್ರ. ಮೇಲೆ ಹೊಳಪಿನ ಲೇಪ ಹಾಕಿ ಎರಡನೆಯ, ದೊಡ್ಡ ಸುಡುವಿಕೆಗೆ ಇಟ್ಟೆ. ಬೆಳಿಗ್ಗೆ ಶುರುಮಾಡಿದ್ದು. ಮಧ್ಯಾಹ್ನ ಊಟಕ್ಕೆ ಕೂತಾಗ ಫ್ಯಾನು ನಿಂತಿತು.

ಕರೆಂಟಿನ ಕಚೇರಿಗೆ ಫೋನು ಮಾಡಿದರೆ, "ಲೈನಿನ ಮೇಲೆ ಮರ ಬಿದ್ದಿದೆ ಮೇಡಂ. ಕಡಿಲಿಕ್ಕೆ ಹೋಗಿದ್ದಾರೆ."

"ಎಷ್ಟೊತ್ತಾಗ್ತದೆ?"

"ಮರ ದೊಡ್ಡದುಂಟು."

ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಿಲ್ಲ. ಮೂರ್ತಿಯನ್ನು ಮರುದಿನ ಮತ್ತೆ ಸುಟ್ಟೆ. ಕುಲುಮೆ ತೆರೆದಾಗ ಮೈ, ಮುಖ, ಸೀರೆಯ ನೆರಿಗೆ ಎಲ್ಲ ಸರಿ. ಚೀಲ ಹಿಡಿದ ಮಣಿಗಂಟಿನಲ್ಲಿ ಮಾತ್ರ ಕೂದಲೆಳೆಯ ಬಿರುಕು. ಕಾಕನಿಗೆ ಹೇಳಿದರೆ, "ನನ್ನ ಹಲ್ಲು ಒಂದೂ ಹೀಗೆ ಬಿರುಕು ಬಿಟ್ಟದ್ದಿಲ್ಲ ಟೀಚರ್" ಎಂದರು. ಹಲ್ಲು ಚೀಲ ಹಿಡಿದು ನಿಲ್ಲುವುದಿಲ್ಲ ಎಂದು ಹೇಳಿ ಫೋನು ಇಟ್ಟೆ.

ಇದು ತಿರಸ್ಕೃತ ಮಾಲು. ಇದರ ಮೇಲೆ ಬಣ್ಣ ಅಭ್ಯಾಸ ಮಾಡುವ ಎಂದು ಕೂತೆ. ಹುಬ್ಬು ಬರೆದೆ, ಕಣ್ಣು ಬರೆದೆ. ತುಟಿಗೆ ಬಂದಾಗ ಕುಂಚ ನಿಂತಿತು. ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಮೂರ್ತಿಯ ಮುಖದಲ್ಲಿ ಇರಲಿಲ್ಲ. ಬಾಯಿಯ ಎರಡು ತುದಿಗಳೂ ಅಡ್ಡಗೀಟು ಎಳೆದ ಹಾಗೆ ಸಮ. ಫೋಟೋ ತೆಗೆದು ನೋಡಿದೆ, ಭೂತಗನ್ನಡಿ ಹಿಡಿದು ನೋಡಿದೆ. ಕಣ್ಣುಗಳೂ ಸಮ, ಕೆನ್ನೆಗಳೂ ಸಮ. ಯಾರೋ ಒಬ್ಬ ಸಭ್ಯ, ಸುಂದರ, ಅಪರಿಚಿತ ಮುದುಕಿ.

ಸಿದ್ದಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ ಕಾರು ಓಡಿಸಿದೆ. ಲ್ಯಾಬಿನಲ್ಲಿ ಕಾಕ ಯಾರದ್ದೋ ಮುಂದಿನ ಹಲ್ಲಿಗೆ ಬಣ್ಣ ಕೂಡಿಸುತ್ತಿದ್ದರು.

"ಬಾಯಿಗೆ ಎಂತ ಮಾಡಿದಿರಿ ಕಾಕ?"

"ಯಾರ ಬಾಯಿಗೆ?"

"ಸಿಸ್ಟರಕ್ಕನ ಬಾಯಿಗೆ!"

ಅವರು ತಣ್ಣಗೆ ವಿವರಿಸಿದರು. ಅಲುಗಾಡಿ ಮುಖದ ಬಲಗಡೆ ಕಲಸಿಹೋಗಿತ್ತು. ಎಡಗಡೆ ಚೆನ್ನಾಗಿ ಬಂದಿತ್ತು. ಎಡಗಡೆಯನ್ನೇ ಕನ್ನಡಿಯಲ್ಲಿ ತಿರುಗಿಸಿದಂತೆ ಬಲಗಡೆಗೆ ಕೂರಿಸಿದರು. ಅದಕ್ಕೊಂದು ಗುಂಡಿಯೇ ಇದೆ. ಬಲಗಡೆಯ ಹಲ್ಲು ಬಿದ್ದವರಿಗೆ ಎಡಗಡೆಯ ಹಲ್ಲು ನೋಡಿಯೇ ಮಾಡಿಕೊಡುವುದಲ್ಲವೇ?

"ಮುಖ ಹಲ್ಲಲ್ಲ ಕಾಕ."

"ಚಂದ ಆಯಿತಲ್ಲ? ಅಧ್ಯಕ್ಷರು ಎಂತ ಹೇಳ್ಲಿಲ್ಲ."

"ಅಧ್ಯಕ್ಷರು ಹುಟ್ಟುವಾಗ ಕಣ್ಣು ಮುಚ್ಚಿಕೊಂಡಿದ್ದರು. ನೀವು ಸಿಸ್ಟರಕ್ಕನ ಮುಖವನ್ನೇ ಕದ್ದಿದ್ದೀರಿ."

ಕದ್ದಿದ್ದೀರಿ ಎನ್ನಬಾರದಿತ್ತು. ಕಾಕ ಕೈಯಲ್ಲಿದ್ದ ಹಲ್ಲನ್ನು ಮೆಲ್ಲ ಕೆಳಗಿಟ್ಟು, "ನಾನು ಹದಿನೆಂಟು ವರ್ಷ ಜನರ ಬಾಯಿ ಸರಿ ಮಾಡಿದವ. ಸೊಟ್ಟ ಮಾಡಿ ಕೊಡಿ ಅಂತ ಇವತ್ತಿನವರೆಗೆ ಯಾರೂ ಹೇಳ್ಲಿಲ್ಲ ಟೀಚರ್" ಎಂದರು. ಚಾ ಕುಡಿದು ಹೋಗಿ ಎನ್ನಲಿಲ್ಲ. ನಾನೂ ಕೂರಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನ ಹಂಗೇ ಬೇಡ, ಕೈಯಲ್ಲೇ ಸರಿಮಾಡುತ್ತೇನೆ ಎಂದು ಹಠ ಹಿಡಿದೆ. ಅದೇ ಅಚ್ಚಿನಲ್ಲಿ ಹೊಸ ತಲೆ ಹೊಯ್ದು, ಮಣ್ಣು ಹಸಿಯಿರುವಾಗಲೇ ಬಿದಿರಿನ ಕಡ್ಡಿಯಲ್ಲಿ ಬಾಯಿಯ ಬಲ ತುದಿಯನ್ನು ಕೆಳಗೆ ಒತ್ತಿದೆ. ಒಂದು ಮಿಲ್ಲಿಮೀಟರಿನ ಕೆಲಸ. ಹಸಿಯಲ್ಲಿ ಅದ್ಭುತವಾಗಿ ಕಂಡಿತು. ಆದರೆ ಪಿಂಗಾಣಿಯ ಮಣ್ಣಿಗೆ ನೆನಪು ಜಾಸ್ತಿ. ಮೊದಲು ಹೇಗಿತ್ತೋ ಆ ಆಕಾರಕ್ಕೆ ಬೆಂಕಿಯಲ್ಲಿ ಮರಳಲು ನೋಡುತ್ತದೆ. ಸುಟ್ಟು ತೆಗೆದಾಗ ತುದಿ ಅರ್ಧ ಮೇಲೆ ಬಂದಿತ್ತು, ಅರ್ಧ ಅಲ್ಲೇ ಉಳಿದಿತ್ತು. ಸಿಸ್ಟರಕ್ಕ ಯಾರನ್ನೋ ಅಣಕಿಸುವಂತೆ ಕಂಡರು. ಎರಡನೆಯ ತಲೆಯಲ್ಲಿ ಒತ್ತುವ ಬದಲು ಕೆತ್ತಿದೆ. ಅದರಲ್ಲಿ ವೀಳ್ಯ ಜಗಿಯುವಂತೆ ಕಂಡರು. ಮೂರನೆಯದನ್ನು ಕುಲುಮೆಗೆ ಇಡುವ ಮೊದಲೇ ನಾನೇ ಮುದ್ದೆ ಮಾಡಿ ಬಕೇಟಿಗೆ ಹಾಕಿದೆ.

ಅದಾಗಿ ಒಂದು ವಾರದ ಮೇಲೆ ಕಾಕನಿಗೆ ಫೋನು ಮಾಡಿದೆ. ಕ್ಷಮಿಸಿ ಎನ್ನುವ ಶಬ್ದ ಬಾಯಿಗೆ ಬರಲಿಲ್ಲ, ಬಿ.ಪಿ. ಹೇಗಿದೆ ಎಂದು ಕೇಳಿದೆ.

"ಮಾತ್ರೆ ಶುರು ಮಾಡಿದ್ದೇನೆ. ಸಿಸ್ಟರಕ್ಕ ದಿನಾ ಫೋನ್ ಮಾಡಿ ಕೇಳ್ತಾರೆ" ಎಂದು ಹೇಳಿ, "ಮೊದಲಿನ ಸ್ಕ್ಯಾನ್ ನನ್ನ ಹತ್ರ ಉಂಟು. ನಾನು ಯಾವುದನ್ನೂ ಅಳಿಸುದಿಲ್ಲ. ಬಲಗಡೆಯನ್ನು ಫೋಟೋ ನೋಡಿ ನಾನೇ ಕೆತ್ತುತ್ತೇನೆ. ನೀವು ಬಂದು ಪಕ್ಕದಲ್ಲಿ ಕೂರ್ಬೇಕು. ಮತ್ತೆ ಹೀಗೆ ಹಾಗೆ ಅಂತ ಹೇಳ್ಬಾರದು" ಎಂದರು.

ಮೂರು ಮಧ್ಯಾಹ್ನ ಕೂತೆವು. ಪರದೆಯ ಮೇಲೆ ಸಿಸ್ಟರಕ್ಕನ ಬಾಯಿ ಕಿಟಕಿಯಷ್ಟು ದೊಡ್ಡದಾಗಿ ತೆರೆದಿರುತ್ತಿತ್ತು. ತುಟಿಯ ತುದಿ ಮಾತ್ರ ಇಳಿದರೆ ಸಾಲದು, ಅದರ ಜೊತೆ ಕೆನ್ನೆಯ ಗೆರೆ ಇಳಿಯಬೇಕು, ಮೂಗಿನ ಪಕ್ಕದ ಮಡಿಕೆ ಮಾಯವಾಗಬೇಕು ಎಂದು ಕಂಡುಹಿಡಿದವರು ಕಾಕನೇ. ಬಾಯಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಅವರು. ಕೊನೆಯ ದಿನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, "ಓ, ಈಗ ಬೈಯುವ ಹಾಗೆ ಕಾಣ್ತಾರೆ" ಎಂದರು. ನಿಜವಾಗಿಯೂ ಹಾಗೆ ಕಂಡರು. ಇಬ್ಬರೂ ನಕ್ಕೆವು. ಅವತ್ತು ಚಾ ಸಿಕ್ಕಿತು.

ಹೊಸ ತಲೆಯ ಪ್ರಿಂಟು, ಹೊಸ ಅಚ್ಚು, ಹೊಸ ಮೂರ್ತಿ. ಈ ಸಲ ಮರ ಬೀಳಲಿಲ್ಲ. ಮಣಿಗಂಟು ಬಿರಿಯಲಿಲ್ಲ. ಬಣ್ಣಕ್ಕೆ ಒಂಬತ್ತು ದಿನ ಹಿಡಿಯಿತು. ಸೀರೆಯನ್ನು ಬಿಳಿಯಾಗಿಯೇ ಬಿಟ್ಟೆ. ಚೀಲಕ್ಕೆ ಕಪ್ಪು, ಕೂದಲಿಗೆ ಬೂದಿ, ತುಟಿಗೆ ಹೆಚ್ಚುಕಡಿಮೆ ಏನೂ ಇಲ್ಲದಷ್ಟು ಕೆಂಪು. ಕೊನೆಯ ಸುಡುವಿಕೆಯಿಂದ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟಾಗ ನನಗೆ ನನ್ನ ಮೇಲೆ ಬಹಳ ಪ್ರೀತಿ ಬಂತು.

ಸಮಾರಂಭಕ್ಕೆ ಇನ್ನು ಐದು ದಿನವಿತ್ತು. ಸಿಸ್ಟರಕ್ಕನಿಗೆ ಮೊದಲೇ ತೋರಿಸಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ನಾನು ಎಷ್ಟು ಕಷ್ಟಪಟ್ಟು ಅವರ ಮುಖವನ್ನು ಉಳಿಸಿದೆ ಎಂದು ಅವರಿಗೆ ಗೊತ್ತಾಗಬೇಡವೇ? ಆ ಚಪಲಕ್ಕೆ ಎರಡೂ ಮೂರ್ತಿಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನಲ್ಲಿಟ್ಟು ಹೋದೆ. ಬಿರುಕು ಬಿಟ್ಟ, ನೇರ ಬಾಯಿಯ, ಹುಬ್ಬು ಕಣ್ಣು ಬಿಟ್ಟರೆ ಬಣ್ಣವಿಲ್ಲದ ಹಳೆಯದು ಮತ್ತು ಹೊಸದು. ಊಟದ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಇಡೀ ಕಥೆ ಹೇಳಿದೆ. ಕನ್ನಡಿಯ ಗುಂಡಿ, ಜಗಳ, ಮಣ್ಣಿನ ನೆನಪು, ಎಲ್ಲ.

ಸಿಸ್ಟರಕ್ಕ ಕನ್ನಡಕ ಹಾಕಿಕೊಂಡು ಹೊಸದನ್ನು ನೋಡಿದರು. "ಹೌದು, ನಾನೇ" ಎಂದರು. ಆಮೇಲೆ ಹಳೆಯದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಬಹಳ ಹೊತ್ತು ಅಲ್ಲೇ ನಿಂತರು.

"ಸಭೆಯಲ್ಲಿ ಇದನ್ನು ಕೊಡ್ಲಿಕ್ಕಾಗ್ತದಾ?"

"ಅದು ಹಾಳಾದದ್ದು ಸಿಸ್ಟರಕ್ಕ. ಕೈಯಲ್ಲಿ ಬಿರುಕು ಉಂಟು. ಮುಖವೂ ನಿಮ್ಮದಲ್ಲ."

"ನನ್ನದೇ. ಮೂವತ್ನಾಲ್ಕು ವರ್ಷದವರೆಗೆ ಹೀಗೆಯೇ ಇತ್ತು."

ನಾನು ಏನೋ ಹೇಳತೊಡಗಿದೆ. ಓರೆಯಲ್ಲೇ ನಿಮ್ಮ ಚಂದ ಇರುವುದು, ನಿಮ್ಮ ಬದುಕು ಇರುವುದು, ಹೀಗೆ ಏನೋ. ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದಂಥದ್ದು. ಅವರು ಕೈ ಎತ್ತಿ ತಡೆದರು.

"ಹೆರಿಗೆ ಬೇನೆಯಲ್ಲಿ ಇರುವವಳು ಎಲ್ಲಿ ನೋಡ್ತಾಳೆ ಗೊತ್ತುಂಟಾ? ನಮ್ಮ ಮುಖವನ್ನೇ. ಡಾಕ್ಟ್ರು ಎಂತ ಹೇಳಿದ್ರೂ ಅವಳಿಗೆ ಕೇಳುದಿಲ್ಲ. ನಾವು ನಗ್ತೇವಾ ಇಲ್ಲವಾ, ಅಷ್ಟೇ ನೋಡುದು. ನನಗೆ ಗಾಳಿ ಬಡಿದು ಎರಡು ತಿಂಗಳಾಗಿತ್ತು. ಒಂದು ಮನೆಯಲ್ಲಿ ಚೊಚ್ಚಲು ಹೆರಿಗೆ. ಮಗು ಒಳ್ಳೆದಿತ್ತು, ಜೋರು ಅಳುದರ ಮೊದಲು ಒಂದು ಗಳಿಗೆ ಸುಮ್ಮನಿತ್ತು, ಅಷ್ಟೇ. ನಾನು ಆ ಹುಡುಗಿಯ ಕಡೆ ತಿರುಗಿ ನಕ್ಕೆ. ಅವಳು ನನ್ನ ಮುಖ ನೋಡಿ ಕಿರುಚಿದಳು. 'ಸಿಸ್ಟರಕ್ಕ, ಮಗು ಹೋಯ್ತಾ' ಅಂತ. ನನ್ನ ನಗು ಅವಳಿಗೆ ಅಳುವ ಹಾಗೆ ಕಂಡದ್ದು."

ಅವರು ಮೂರ್ತಿಯ ಮುಖದ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದರು.

"ಅದರ ನಂತರ ಕೆಲಸ ಬಿಡುವವರೆಗೆ ನಾನು ಹೆರಿಗೆ ಕೋಣೆಯಲ್ಲಿ ನಗ್ಲಿಲ್ಲ. ನಗು ಬಂದ್ರೆ ಗೋಡೆಯ ಕಡೆ ತಿರುಗ್ತಿದ್ದೆ. ಜೋರು ಹೆಂಗಸು ಅಂತ ಹೆಸರು ಬಂತು. ಬರ್ಲಿ ಅಂತ ಬಿಟ್ಟೆ. ಈಗ ನೀವು ಚಂದ, ಬದುಕು ಅಂತ ಹೇಳ್ತೀರಿ. ನಿಮಗೆ ಅದು ನೋಡ್ಲಿಕ್ಕೆ ಒಳ್ಳೆದು. ನನಗೆ ಹೊತ್ತುಕೊಂಡು ಸಾಕಾಗಿದೆ. ಇದೊಂದಾದ್ರೂ ನೆಟ್ಟಗೆ ಇರ್ಲಿ."

ಎರಡೂ ಮೂರ್ತಿಗಳನ್ನು ಮತ್ತೆ ಸುತ್ತಿ ಕಾರಿನಲ್ಲಿಟ್ಟು ಹೊರಟೆ. ನಾಚಿಕೆಯಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಅದೂ ನಿಜ. ನಾಲ್ಕು ತಿಂಗಳ ಮೊದಲು, ಅಂಗಳದಲ್ಲಿ ನಿಂತಿದ್ದಾಗ, ಒಂದು ಮಾತು ನಾನು ಕೇಳಬಹುದಿತ್ತಲ್ಲ! ಅವರ ಬಾಯಿಯ ಬಗ್ಗೆ ಕಾಕನ ಜೊತೆ ಜಗಳವಾಡಿದೆ, ಮಣ್ಣಿನ ಜೊತೆ ಜಗಳವಾಡಿದೆ, ಆ ಬಾಯಿಯ ಒಡತಿಯನ್ನು ಮಾತ್ರ ಕೇಳಲೇ ಇಲ್ಲ.

ಕಾಕನಿಗೆ ಹೇಳಬೇಕಲ್ಲ. ಗೆದ್ದೆ ಎಂದು ಕುಣಿಯುತ್ತಾರೆ ಎಂದುಕೊಂಡೇ ಫೋನು ಮಾಡಿದೆ. ಕುಣಿಯಲಿಲ್ಲ. ರೇಗಿದರು.

"ಎಂತದು ಟೀಚರ್ ನೀವು ಹೇಳುದು? ಈಗ ನನಗೇ ಆ ನೆಟ್ಟಗಿನದ್ದು ನೋಡ್ಲಿಕ್ಕೆ ಆಗುದಿಲ್ಲ. ಮೊನ್ನೆಯಿಂದ ಯಾರು ಬಂದ್ರೂ ಬಾಯಿ ಎಷ್ಟು ಸೊಟ್ಟ ಉಂಟು ಅಂತಲೇ ನೋಡ್ತೇನೆ. ನನ್ನನ್ನು ನೀವೇ ಹಾಳು ಮಾಡಿದ್ದು."

"ಅವರಿಗೆ ಅದೇ ಬೇಕಂತೆ ಕಾಕ."

ಕಾಕ ಧ್ವನಿ ಇಳಿಸಿ, "ಅವರ ಬಾಯಿ. ಅವರಿಗೆ ಬೇಕಾದ ಹಾಗೆ ಇರ್ಲಿ" ಎಂದರು. "ಬಿರುಕಿಗೆ ಎಂತ ಮಾಡ್ತೀರಿ?"

ಅದೇ ಈಗಿನ ತಲೆಬಿಸಿಯಾಗಿತ್ತು. ಹೊಸದಾಗಿ ಹೊಯ್ದು ಒಣಗಿಸಿ ಸುಡಲು ಸಮಯವಿಲ್ಲ. ಬಿರುಕಿಗೆ ಕಾಕ ತಮ್ಮ ಲ್ಯಾಬಿನ ಪಿಂಗಾಣಿ ಪುಡಿ ತಂದು, ಭೂತಗನ್ನಡಿಯ ಕೆಳಗೆ ಹಲ್ಲಿನ ಸಂದು ತುಂಬುವ ಹಾಗೆ ತುಂಬಿದರು. ಅದು ಒಂದು ಕೂದಲಿನಷ್ಟು ಬೇರೆ ಬಣ್ಣಕ್ಕೆ ತಿರುಗಿತು. ಅದರ ಮೇಲೆ ನಾನು ಕೈಗಡಿಯಾರದ ಪಟ್ಟಿ ಬರೆದೆ. ಸಿಸ್ಟರಕ್ಕ ಗಡಿಯಾರ ಕಟ್ಟುತ್ತಿದ್ದದ್ದು ಎಡಗೈಗೆ, ಇದು ಬಲಗೈ. ಇರಲಿ. ಒಂಬತ್ತು ದಿನದ ಬಣ್ಣವನ್ನು ಎರಡೂವರೆ ದಿನದಲ್ಲಿ ಮುಗಿಸಿದೆ. ಕೊನೆಯ ಸುಡುವಿಕೆಯ ಹೊತ್ತಿಗೆ ಕರೆಂಟಿನ ತಂತಿಯ ಪಕ್ಕದ ಮರಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ, ನನ್ನ ನೋಟಕ್ಕೆ ಅವು ಹೆದರುತ್ತವೆ ಎಂಬಂತೆ.

ಸಮಾರಂಭ ಅಳದಂಗಡಿಯ ಒಂದು ಶಾಲೆಯ ಸಭಾಂಗಣದಲ್ಲಿ. ಅಧ್ಯಕ್ಷರು ಭಾಷಣದಲ್ಲಿ, "ಮೂಡುಬಿದಿರೆಯಲ್ಲಿ ಕಂಪ್ಯೂಟರಿನಿಂದ ಪ್ರಿಂಟ್ ತೆಗೆಸಿದ ಅಪರೂಪದ ಮೂರ್ತಿ" ಎಂದು ಎರಡು ಸಲ ಹೇಳಿದರು. ನನ್ನ ಹತ್ತು ಬೆರಳಿನ ಮಾತು ಎಲ್ಲಿಯೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಾಕ ನನ್ನ ಕಡೆ ನೋಡದೆ, "ಹೇಳ್ಲಿ ಬಿಡಿ" ಎಂದು ಗೊಣಗಿದರು. ಆಮೇಲೆ ರೇಷ್ಮೆಯ ಬಟ್ಟೆ ಸರಿಸಿದರು, ಜನ ಚಪ್ಪಾಳೆ ತಟ್ಟಿದರು, ಸಾಲಾಗಿ ವೇದಿಕೆಗೆ ಬಂದು ಮೂರ್ತಿ ನೋಡಿದರು.

ನನ್ನನ್ನು ಗುರುತು ಹಿಡಿದ ಒಬ್ಬ ಹಿರಿಯ ಹೆಂಗಸು ನೇರ ಹತ್ತಿರ ಬಂದರು. "ನೀವೇನಾ ಮಾಡಿದ್ದು? ಸೀರೆ ಒಳ್ಳೆದಾಗಿದೆ. ಮುಖ ಮಾತ್ರ ಸಿಸ್ಟರಕ್ಕನದ್ದಲ್ಲ. ಅವರ ಬಾಯಿ ಹಾಗೆ ಇಲ್ಲವೇ ಇಲ್ಲ. ನೋಡಿ ಮಾಡ್ಬೇಕಿತ್ತು." ಅವರ ಹಿಂದಿದ್ದವರೂ ತಲೆ ಆಡಿಸಿದರು. ಇನ್ನೊಬ್ಬರು, "ಕಂಪ್ಯೂಟರಲ್ಲಿ ಮಾಡಿದ್ರೆ ಹಾಗೆಯೇ" ಎಂದು ನನ್ನ ಮೇಲೆ ಕರುಣೆ ತೋರಿಸಿದರು. ಮತ್ತೊಬ್ಬರು ಗಡಿಯಾರ ತಪ್ಪು ಕೈಯಲ್ಲಿದೆ ಎಂದು ಕಂಡುಹಿಡಿದರು. ಮೂಡುಬಿದಿರೆಯ ಲ್ಯಾಬಿನ ಕಪಾಟಿನಲ್ಲಿ ಬಣ್ಣಬಣ್ಣದ ಹಲ್ಲುಗಳ ನಡುವೆ, ಕಾಕ ಕೇಳಿ ಒಯ್ದಿಟ್ಟ ಹೊಸ ಮೂರ್ತಿಯ ಬಹಳ ಸರಿಯಾದ ಬಾಯಿಯೊಂದು ನಿಂತಿದೆ ಎಂದು ಅವರಿಗೆಲ್ಲ ಕೂಗಿ ಹೇಳಬೇಕೆನಿಸಿತು. "ಹೌದು, ಸ್ವಲ್ಪ ವ್ಯತ್ಯಾಸ ಆಯಿತು" ಎಂದೆ. ಅದನ್ನು ಅವತ್ತು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಸಿಸ್ಟರಕ್ಕ ಅದನ್ನೆಲ್ಲ ಕೇಳಿಸಿಕೊಳ್ಳುತ್ತ ಕುರ್ಚಿಯಲ್ಲಿ ಕೂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ಬಾಯಿಯ ಬಲ ತುದಿ ಕೆಳಗೆ ಹೋಯಿತು. ಅದು ನಗು ಎಂದು ನನಗೆ ಗೊತ್ತಾಯಿತು.

ಸಂಜೆ ಅವರನ್ನು ಮನೆಗೆ ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು. ಮೂರ್ತಿಯ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಡಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳ ತೆಗೆದು ಒಳಗೆ ನೋಡುತ್ತ ಕೂತರು. ರಸ್ತೆಯ ಹೊಂಡ ಬಂದಾಗಲೆಲ್ಲ ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದರು. ಈಗ ಏನಾದರೂ ಒಳ್ಳೆಯ ಮಾತು ಬರಬಹುದು ಎಂದು ನಾನು ಕಾದೆ.

"ಒಂದು ಹೇಳ್ಲಾ? ಬೇಜಾರು ಮಾಡ್ಬೇಡಿ" ಎಂದರು.

"ಹೇಳಿ."

"ಮೂಗು ಸ್ವಲ್ಪ ದೊಡ್ಡ ಆಯ್ತು ಅಲ್ಲವಾ?"

ನಾನು ಗೇರು ಬದಲಿಸಿದೆ.